ಮೂರನೇ ರಿಂಗಿನೊಳಗೆ ಮಾವ

ನನ್ನ ಮಾವನಿಗಿರುವಷ್ಟು ಬೇಡಿಕೆ ಈ ದೇಶದಲ್ಲಿ ಮಂತ್ರಿಗಳಿಗೂ ಇಲ್ಲ! ಬಡಾಯಿ ಅಂದುಕೊಳ್ಳಬೇಡಿ. ದಿನಕ್ಕೆ ಕಡಿಮೆಯೆಂದರೂ ನಲವತ್ತು ಮಂದಿ ಅವರನ್ನು ನೆನೆಸಿಕೊಂಡು ಫೋನ್ ಮಾಡುತ್ತಾರೆ. ಒಬ್ಬರಿಗೆ ಅವರ ಕೈಗೊಂದು ಕ್ರೆಡಿಟ್ ಕಾರ್ಡ್ ಇಡದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಇನ್ನೊಬ್ಬರಿಗೆ ಅವರ ಆಯುಷ್ಯದ ಬಗ್ಗೆ ನಮ್ಮ ಅತ್ತೆಗಿಂತ ಹೆಚ್ಚು ಕಾಳಜಿ, ವಿಮೆ ಮಾಡಿಸಿಯೇ ತೀರುತ್ತೇನೆಂಬ ಹಟ. ಮತ್ತೊಬ್ಬರು ಅವರ ಕಾರಿನ ಇನ್ಶೂರೆನ್ಸ್ ಮುಗಿಯುತ್ತಾ ಬಂತು ಎಂದು ಗಾಬರಿಪಡುತ್ತಾರೆ. ಮಾವನ ಹತ್ತಿರ ಇರುವ ಒಂದೇ ವಾಹನವೆಂದರೆ ತರಕಾರಿ ತರಲು ಕೊಂಡ, ಎರಡು ಗಾಲಿಯ ಎಳೆಯುವ ಚೀಲ!

ಇಂಥ ಕರೆ ಬಂದರೆ ನೀವು, ನಾನು ಏನು ಮಾಡುತ್ತೇವೆ? ಕೆಂಪು ಗುಂಡಿ ಒತ್ತುತ್ತೇವೆ. ಸ್ವಲ್ಪ ಸಿಟ್ಟಿನವರಾದರೆ ಎರಡು ಮಾತು ಬೈದು ಒತ್ತುತ್ತೇವೆ. ನಾನು ಬೈದು ಒತ್ತುವ ಪಂಗಡದವನು. ಮಾವ ಹಾಗಲ್ಲ. ಮೂರನೇ ರಿಂಗ್ ಆಗುವುದರೊಳಗೆ ಫೋನ್ ಎತ್ತುತ್ತಾರೆ, ಕನ್ನಡಕ ಸರಿಮಾಡಿಕೊಳ್ಳುತ್ತಾರೆ, "ನಮಸ್ಕಾರ, ಬೋಲಿಯೇ" ಎನ್ನುತ್ತಾರೆ. ಆಮೇಲೆ ಇಪ್ಪತ್ತು ನಿಮಿಷ ಆ ಕಡೆಯವರಿಗೆ ಬಿಡುಗಡೆಯಿಲ್ಲ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಉಡುಪಿಯ ಕಡೆಯಿಂದ ಬಂದು ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿನ ಮಗ್ಗುಲಲ್ಲೇ ಇದ್ದ ಒಂದು ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಗಲ್ಲಾದ ಮೇಲೆ ಕೂತವರು. ಆರು ವರ್ಷದ ಹಿಂದೆ ಯಜಮಾನರು ಹೋಟೆಲ್ ಮಾರಿದರು. ಈಗ ಅಲ್ಲಿ ಮೊಬೈಲ್ ಫೋನುಗಳ ಷೋರೂಮ್ ಇದೆ. ಬೀಳ್ಕೊಡುವಾಗ ಯಜಮಾನರು "ನಿಮಗೆ ಎಂತ ಕೊಡುವಾ?" ಎಂದು ಕೇಳಿದರಂತೆ. ಒಂದು ಗಡಿಯಾರವನ್ನೋ ಬೆಳ್ಳಿ ಲೋಟವನ್ನೋ ಕೇಳುವುದು ಬಿಟ್ಟು ಈ ಮನುಷ್ಯ ಕೇಳಿದ್ದು ಹೋಟೆಲಿನ ಫೋನ್ ನಂಬರ್! ಮೊಬೈಲ್ ಹೊಸತಾಗಿ ಬಂದ ಕಾಲದಲ್ಲಿ ಹೋಟೆಲಿಗೆಂದೇ ತೆಗೆದುಕೊಂಡ ನಂಬರ್ ಅದು. ಬೋರ್ಡಿನ ಮೇಲೆ, ಮೆನುವಿನ ಮೇಲೆ, ಪಾರ್ಸೆಲ್ ಡಬ್ಬಿಗಳ ಮೇಲೆ ವರ್ಷಗಟ್ಟಲೆ ಅಚ್ಚಾದದ್ದು. ಹಾಗಾಗಿ ಭೂಮಿಯ ಮೇಲೆ ಏನನ್ನಾದರೂ ಮಾರುವ ಪ್ರತಿಯೊಬ್ಬರ ಪಟ್ಟಿಯಲ್ಲೂ ಅದು ಉಂಟು.

ನನ್ನ ವಿಷಯ ಹೇಳಿಬಿಡುತ್ತೇನೆ. ಮನೆ ನೆರೂಳಿನಲ್ಲಿ, ಕೆಲಸ ಮಹಾಪೆಯಲ್ಲಿ. ಮಧ್ಯಾಹ್ನ ನೀವು ಸುಖವಾಗಿ ಊಟ ಮಾಡುತ್ತಿರುವಾಗ ಫೋನ್ "ಟಣ್" ಎಂದು, "ನೀವು ಬುಟ್ಟಿಯಲ್ಲಿ ಬಿಟ್ಟುಹೋದ ಶರ್ಟು ನಿಮಗಾಗಿ ಕಾಯುತ್ತಿದೆ" ಎನ್ನುತ್ತದಲ್ಲ, ಅಂಥ ಸಂದೇಶ ಬರೆಯುವ ತಂಡದಲ್ಲಿದ್ದೇನೆ. ಹೊಟ್ಟೆಪಾಡು, ಮನ್ನಿಸಿ. ಆದರೆ ಸ್ವಂತ ಫೋನಿನಲ್ಲಿ ಇಂಥದ್ದು ಒಂದೂ ಬರದಂತೆ ಎಲ್ಲವನ್ನೂ ಮುಚ್ಚಿಟ್ಟುಕೊಂಡಿದ್ದೇನೆ. ಅಡುಗೆಯವನು ತನ್ನ ಹೋಟೆಲಿನಲ್ಲಿ ಊಟ ಮಾಡದ ಹಾಗೆ!

ನೆರೂಳಿನಿಂದ ಠಾಣೆಗೆ ನೇರ ಲೋಕಲ್ ಇರುವುದರಿಂದ ಭಾನುವಾರ ಮಾವನ ಮನೆಯಲ್ಲಿ ನನ್ನ ಊಟ. ಒಂದು ಭಾನುವಾರ ಕೋಸಂಬರಿ ಕಲಸುತ್ತಾ ಕೂತಿದ್ದ ಮಾವನಿಗೆ ಕರೆ ಬಂತು. ಮಾವ ಸೊಪ್ಪು ಅಂಟಿದ ಕೈಯಲ್ಲೇ ಸ್ಪೀಕರ್ ಒತ್ತಿದರು.

"ಸರ್, ತಳೋಜಾ ಮೇ ಲಕ್ಸುರಿ ಟೂ ಬಿಎಚ್‌ಕೆ..." ಎಂದು ಹುಡುಗಿಯೊಬ್ಬಳು ಶುರುಮಾಡಿದಳು.

"ಬೇಟಾ, ಆವಾಜ್ ಕೋ ಕ್ಯಾ ಹುವಾ?"

"ಜೀ?"

"ಗಲಾ ಬೈಠ್ ಗಯಾ ಹೈ. ನಾಷ್ಟಾ ಕಿಯಾ?"

ಗಂಟಲು ಕೂತಿದೆ, ತಿಂಡಿ ತಿಂದೆಯಾ ಎಂದು ಮಾವನ ವಿಚಾರಣೆ! ಪಾಪ, ಅವಳಿಗೆ ಕೊಟ್ಟ ಹಾಳೆಯಲ್ಲಿ ಈ ಪ್ರಶ್ನೆಗೆ ಉತ್ತರ ಬರೆದಿರಲಿಕ್ಕಿಲ್ಲ. ಮಾವ ಅವಳಿಗೆ ಕಾಳುಮೆಣಸು, ಶುಂಠಿ, ಬೆಲ್ಲದ ಕಷಾಯವನ್ನು ಅಳತೆಸಮೇತ ಬರೆಸಿದರು. ಕುದಿಯುವಾಗ ಮುಚ್ಚಳ ಹಾಕಬಾರದೆಂದು ಎರಡು ಸಲ ಹೇಳಿದರು. ಮರುವಾರ ಅವಳು ತನ್ನ ಸ್ವಂತ ಫೋನಿನಿಂದ ಕರೆ ಮಾಡಿ, "ಅಂಕಲ್, ಗಲಾ ಠೀಕ್ ಹೋ ಗಯಾ!" ಎಂದಳು. ಎಂದವಳೇ ಅದೇ ಉಸಿರಿಗೆ ಫ್ಲ್ಯಾಟಿನ ವಿಷಯವನ್ನೂ ಎತ್ತಿದಳು. ಗಂಟಲು ಗಂಟಲೇ, ವ್ಯಾಪಾರ ವ್ಯಾಪಾರವೇ!

ಮಾವನ ಫೋನಿನಲ್ಲಿ ಅವಳ ಹೆಸರು "ಫ್ಲ್ಯಾಟ್ ಮಗಳು, ಗಂಟಲು" ಎಂದಿದೆ. ಎರಡು ವರ್ಷದಿಂದ ಪ್ರತಿ ಗುರುವಾರ ಅವಳು ತನ್ನ ಕಂಪನಿಯ ಕಟ್ಟಡದ ಚಿತ್ರ ಕಳಿಸುತ್ತಾಳೆ. ಮೇಲುಗಡೆ ಕಂಪನಿಯ ಗುರುತಾದ, ಗರಿ ಬಿಚ್ಚಿದ ದೊಡ್ಡ ನವಿಲು. ಅಂಥ ಚಿತ್ರವನ್ನು ಜಗತ್ತಿನಲ್ಲಿ ಯಾರಾದರೂ ತೆರೆದು ನೋಡುತ್ತಾರೆಯೇ? ಮಾವ ನೋಡುತ್ತಾರೆ. ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿ, "ಅಡುಗೆಮನೆಯಲ್ಲಿ ರುಬ್ಬುವ ಕಲ್ಲಿಗೆ ಜಾಗ ಇಲ್ಲ. ನವಿಲಿನ ಕಾಲು ಸ್ವಲ್ಪ ಗಿಡ್ಡ ಆಯಿತು" ಎಂದು ಹಿಂದಿಯಲ್ಲಿ ಉತ್ತರ ಬರೆಯುತ್ತಾರೆ. ಅತ್ತೆ ನನ್ನ ಹತ್ತಿರ, "ನಮ್ಮ ಮದ್ವೆ ಫೋಟೋ ಇವರು ಇಷ್ಟು ಹೊತ್ತು ನೋಡಿದ್ದಿಲ್ಲ" ಎಂದರು.

ಇ-ಮೇಲಿನ ಕಥೆಯೂ ಇದೇ. ಯಾವುದೋ ಅಂಗಡಿಯಿಂದ "ನಿಮ್ಮನ್ನು ನೋಡದೆ ಬಹಳ ದಿನವಾಯಿತು" ಎಂಬ ಪತ್ರ ಬಂತು. ಮಾವ ಕೂತು ಒಂದು ಪುಟ ಉತ್ತರ ಟೈಪ್ ಮಾಡಿದರು. ನಾವು ಕ್ಷೇಮ, ಮಂಡಿನೋವಿನಿಂದ ಹೊರಗೆ ಬರುವುದು ಕಡಿಮೆ, ಕಳೆದ ಸಲ ನಿಮ್ಮಲ್ಲಿ ಕೊಂಡ ಫ್ಲಾಸ್ಕ್ ಚೆನ್ನಾಗಿದೆ, ಇತ್ಯಾದಿ.

"ಮಾವ, ಅದು ಮಶೀನ್ ಕಳಿಸಿದ್ದು. ಕೆಳಗೆ ನೋಡಿ, ಉತ್ತರ ಬರೀಬೇಡಿ ಅಂತ ಅವರೇ ಹಾಕಿದ್ದಾರೆ" ಎಂದೆ.

ಮಾವ ನನ್ನನ್ನು ಮರುಕದಿಂದ ನೋಡಿದರು. "ಅದು ಸಂಕೋಚಕ್ಕೆ ಬರ್ದದ್ದು ಮಾರಾಯ. ಮನೆಗೆ ಬಂದವರು ಕಾಫಿ ಬೇಡ ಅಂತಾರೆ. ಬೇಡ ಅಂದ ಕೂಡ್ಲೆ ಕೊಡದೆ ಕಳಿಸ್ಲಿಕ್ಕುಂಟಾ?"

ಇದನ್ನು ನನ್ನ ಕಂಪನಿಯಲ್ಲಿ ಕೇಳಿದರೆ ಎಲ್ಲರೂ ಕಾಫಿಗೆ ಎದ್ದು ಹೋಗುತ್ತಾರೆ. ಕೇಳಿ ನೋಡಿದ್ದೇನೆ.

ವಾಟ್ಸಾಪಿನಲ್ಲಿ ಬೆಳಗಾದರೆ ಹೂವಿನ ಚಿತ್ರದ ಮೇಲೆ ಶುಭೋದಯ ಕಳಿಸುವವರಿದ್ದಾರಲ್ಲ? ನಮ್ಮ ಕುಟುಂಬದ ಗುಂಪಿನಲ್ಲೇ ಹನ್ನೊಂದು ಮಂದಿ ಇದ್ದಾರೆ. ಮಾವ ಹನ್ನೊಂದು ಮಂದಿಗೂ ಬೇರೆ ಬೇರೆ ಉತ್ತರ ಬರೆಯುತ್ತಾರೆ. "ನಿಮಗೂ ಶುಭ. ಇವತ್ತಿನ ಗುಲಾಬಿ ನಿನ್ನೆಯದೇ ಅಲ್ಲವೇ?" ಈ ಒಂದು ವಾಕ್ಯದಿಂದ ನನ್ನ ದೊಡ್ಡಮ್ಮ ಎರಡು ತಿಂಗಳು ಹೂವು ಕಳಿಸುವುದನ್ನೇ ನಿಲ್ಲಿಸಿದ್ದರು. ಇಡೀ ಕುಟುಂಬ ಮಾವನಿಗೆ ಒಳಗೊಳಗೇ ಕೃತಜ್ಞವಾಗಿತ್ತು!

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಒಂದು ದಿನ ಪೊಲೀಸರು ಬಂದರು. ವೀಡಿಯೋ ಕಾಲಿನಲ್ಲಿ ಬಂದರು! ಖಾಕಿ ಅಂಗಿ, ಹೆಗಲ ಮೇಲೆ ನಕ್ಷತ್ರ, ಹಿಂದೆ ಧ್ವಜ. ನಿಮ್ಮ ಹೆಸರಿನಲ್ಲಿ ಕಳ್ಳಸಾಗಣೆಯ ಪೆಟ್ಟಿಗೆ ಸಿಕ್ಕಿದೆ, ನೀವೀಗ ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಕ್ಯಾಮೆರಾದ ಮುಂದಿನಿಂದ ಏಳಬಾರದು, ಬ್ಯಾಂಕಿನ ವಿವರ ತೆಗೆಯಿರಿ ಎಂದು ಗದರಿಸಿದರು. ಅತ್ತೆ ದೇವರ ಕೋಣೆಗೆ ಓಡಿದರು. ಮಾವ ಮಾತ್ರ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಆ ಪೊಲೀಸನನ್ನು ಮೇಲಿಂದ ಕೆಳಗೆ ನೋಡಿದರು. ಮೂವತ್ತೆಂಟು ವರ್ಷ ಮಾಣಿಗಳ ಅಂಗಿ, ಉಗುರು, ಮೇಜಿನ ಸಂದಿ ನೋಡಿ ಪಳಗಿದ ಕಣ್ಣು ಅದು.

"ಸಾಹೇಬ್, ಪೀಛೇ ದೀವಾರ್ ಪೇ ಜಾಲಾ ಹೈ" ಎಂದರು.

ಆ ಪೊಲೀಸ್ ಹಿಂದೆ ತಿರುಗಿ ನೋಡಿದ! ಗೋಡೆಯಲ್ಲಿ ನಿಜಕ್ಕೂ ಜೇಡರ ಬಲೆ ಇತ್ತು. ಆಮೇಲೆ ಮಾವ ಅವನ ಎರಡನೇ ಗುಂಡಿ ಬಿಚ್ಚಿದೆಯೆಂದು ಹೇಳಿ ಹಾಕಿಸಿದರು. ಊರು ಯಾವುದು, ತಾಯಿ ಇದ್ದಾರಾ, ಈ ಕೆಲಸ ಅವರಿಗೆ ಗೊತ್ತುಂಟಾ ಎಂದೆಲ್ಲ ವಿಚಾರಿಸಿದರು. ಅರ್ಧ ಗಂಟೆಯಾದ ಮೇಲೆ ಅವನೇ ಕೈಮುಗಿದು ಫೋನ್ ಇಟ್ಟ. ಅರೆಸ್ಟ್ ಆಗಿದ್ದವರು ಯಾರು ಎಂಬುದೇ ನನಗೆ ಈಗಲೂ ಗೊಂದಲ.

"ಕಳ್ಳ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ಮೇಜಿನ ಮೇಲೆ ಚಾ ಗ್ಲಾಸ್ ಇರ್ಲಿಲ್ಲ. ನಾನು ಎಷ್ಟು ವರ್ಷ ಚೌಕಿಗೆ ಚಾ ಕಳಿಸಿದ್ದೇನೆ! ಚಾ ಗ್ಲಾಸ್ ಇಲ್ಲದ ಪೊಲೀಸ್ ಮೇಜು ನಾನು ನೋಡಿದ್ದಿಲ್ಲ."

ನಗು ಬಂತು, ಭಯವೂ ಆಯಿತು. ಇವತ್ತು ಚಹಾದ ಗ್ಲಾಸು ಕಾಪಾಡಿತು. ನಾಳೆ ಇನ್ನೊಬ್ಬ ಕಳ್ಳ ಚಹಾ ತರಿಸಿಟ್ಟುಕೊಂಡು ಕೂತರೆ? ಅವತ್ತೇ ಹೇಳಿದೆ: ಮಾವ, ಈ ನಂಬರ್ ಬಿಟ್ಟುಬಿಡಿ, ಹೊಸತು ತೆಗೆಸಿಕೊಡುತ್ತೇನೆ, ನಾವು ಹತ್ತು ಜನಕ್ಕೆ ಮಾತ್ರ ಗೊತ್ತಿರಲಿ. ಸದಾ ನಗುವ ಮನುಷ್ಯ ಒಮ್ಮೆಲೇ ಗಂಭೀರರಾದರು.

"ಬೇರೆ ಎಂತ ಬೇಕಾದ್ರೂ ಹೇಳು. ನಂಬರ್ ಬದ್ಲಿ ಮಾಡು ಅಂತ ಮಾತ್ರ ಹೇಳ್ಬೇಡ."

ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಮುದುಕರ ಹಟ ಎಂದುಕೊಂಡೆ. ಮುಂದಿನ ಭಾನುವಾರ ಅತ್ತೆಯನ್ನು ನನ್ನ ಪಕ್ಷಕ್ಕೆ ಎಳೆದುಕೊಂಡೆ. ಮಾವನ ಫೋನಿನಿಂದಾಗಿ ಆ ವಾರ ಮೂರು ಸಲ ಹಾಲು ಉಕ್ಕಿಹೋಗಿತ್ತಾದ್ದರಿಂದ ಅದು ಸುಲಭವಾಯಿತು. ಮಾವ ಸ್ನಾನಕ್ಕೆ ಹೋದಾಗ ಅತ್ತೆ ಬಚ್ಚಲಮನೆಯ ಬಾಗಿಲಲ್ಲಿ ಕಾವಲು ನಿಂತರು. ನಾನು ಫೋನಿನಲ್ಲಿ ಒಂದು ಗುಂಡಿ ಒತ್ತಿದೆ: ಗುರುತಿಲ್ಲದ ನಂಬರಿನಿಂದ ಬಂದ ಕರೆ ಇನ್ನು ಸದ್ದು ಮಾಡುವುದಿಲ್ಲ, ಸುಮ್ಮನೆ ಪಟ್ಟಿಯಲ್ಲಿ ಹೋಗಿ ಕೂರುತ್ತದೆ. ಮಾವ ಆ ಪಟ್ಟಿ ನೋಡುವ ಭಯವಿರಲಿಲ್ಲ. ಬಂದ ಕರೆಯನ್ನೆಲ್ಲ ಎತ್ತುವ ಮನುಷ್ಯನಿಗೆ ಮಿಸ್ಡ್ ಕಾಲ್ ಎಂಬುದರ ಪರಿಚಯವೇ ಇರಲಿಲ್ಲ! "ಬಂದ್ರು, ಬಂದ್ರು!" ಎಂದು ಅತ್ತೆ ಪಿಸುಗುಟ್ಟಿದರು. ಫೋನನ್ನು ಇದ್ದಲ್ಲಿಟ್ಟು ನಾನು ಪತ್ರಿಕೆ ಹಿಡಿದು ಕೂತೆ.

ಮಂಗಳವಾರ ಮಾವನ ಫೋನು ಬಂತು. "ನನ್ನ ಫೋನಿಗೆ ಎಂತದೋ ಆಗಿದೆ ಮಾರಾಯ. ಯಾರೂ ಮಾಡುವುದಿಲ್ಲ. ದೇಶದಲ್ಲಿ ಕಾರ್ಡ್ ಎಲ್ಲ ಖಾಲಿ ಆಯ್ತಾ?"

ಅಡುಗೆಮನೆಯಿಂದ ಅತ್ತೆಯ ಹತ್ತಿರ ಫೋನ್ ಮಾಡಿಸಿ ನೋಡಿದ್ದರಂತೆ, ರಿಂಗಾಯಿತಂತೆ. ಬುಧವಾರ ಹಳೆಯ ಹೋಟೆಲಿನ ಜಾಗದ ಷೋರೂಮಿಗೇ ಹೋದರು. ಅಲ್ಲಿಯವರು ಪರೀಕ್ಷಿಸಿ ಫೋನು ಸರಿಯಾಗಿದೆ ಎಂದರು. ಮಾವ ಅವರಿಗೆ ಇಡ್ಲಿ ಬೇಯಿಸುವ ಪಾತ್ರೆ ಎಲ್ಲಿತ್ತು, ರುಬ್ಬುವ ಯಂತ್ರ ಎಲ್ಲಿತ್ತು ಎಂದು ತೋರಿಸಿ ವಾಪಸು ಬಂದರು. ಗುರುವಾರ ಫ್ಲ್ಯಾಟ್ ಮಗಳ ನವಿಲು ಬಂದದ್ದು ಬಿಟ್ಟರೆ ವಾರವಿಡೀ ಮನೆ ತಣ್ಣಗಿತ್ತು. ನಾನು ಗೆದ್ದೆ ಎಂದು ಬೀಗುತ್ತಿದ್ದೆ. ಶುಕ್ರವಾರ ಅತ್ತೆಯ ಕರೆ ಬಂತು, ದನಿಯಲ್ಲಿ ಅಳುವೊಂದು ಬಾಕಿ.

"ಪುಣ್ಯಾತ್ಮ, ಅದನ್ನು ಮೊದಲಿನ ಹಾಗೆ ಮಾಡಿಕೊಡು ನೀನು! ನಲವತ್ತು ಜನರ ಹತ್ರ ಮಾತಾಡುವುದನ್ನೆಲ್ಲ ಈಗ ನನ್ನೊಬ್ಬಳ ಹತ್ರ ಮಾತಾಡ್ತಾರೆ! ಸಾಸಿವೆ ಸಿಡಿಯುವ ಶಬ್ದ ಸರಿ ಇಲ್ಲ ಅಂತಾರೆ ಮಾರಾಯ!"

ಶನಿವಾರ ರಜೆಯಿತ್ತು. ಹೋದೆ. ಮಾವ ಕಿಟಕಿಯ ಹತ್ತಿರ ಕೂತಿದ್ದರು. ದಿನಾ ಗಡ್ಡ ತೆಗೆಯುವವರ ಕೆನ್ನೆಯಲ್ಲಿ ಬಿಳಿ ಕೂಳೆ. "ಬಾ" ಎಂದರಷ್ಟೇ, ಊಟವಾಯಿತೇ ಎಂದು ಕೇಳಲಿಲ್ಲ. ಫೋನ್ ನೋಡುವ ನೆಪದಲ್ಲಿ ತೆಗೆದುಕೊಂಡು ಗುಂಡಿಯನ್ನು ಹಿಂದಕ್ಕೆ ಒತ್ತಿದೆ. ಅಷ್ಟರಲ್ಲಿ ಕರೆಗಳ ಪಟ್ಟಿ ತೆರೆದುಕೊಂಡಿತು. ಇನ್ನೂರಕ್ಕೂ ಹೆಚ್ಚು ಕರೆಗಳು, ಎಲ್ಲ ಕೆಂಪು. ಮಾವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಎಂತ ಅದು ಕೆಂಪು ಕೆಂಪು?"

ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಹಾಕಿ, ಪಟ್ಟಿಯನ್ನು ಮೊದಲಿನಿಂದ ನೋಡತೊಡಗಿದರು. ಒಂದು ನಂಬರಿನ ಮೇಲೆ ಬೆರಳು ನಿಂತಿತು. ಅದೊಂದೇ ನಂಬರಿನಿಂದ ಇಪ್ಪತ್ತೇಳು ಸಲ ಕರೆ ಬಂದಿತ್ತು.

"ಇದು ಮಾರುವವರದ್ದಲ್ಲ. ಇದು ಮನೆಯವರ ಕಾಲ್" ಎಂದವರೇ ಅದಕ್ಕೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು.

ಒಬ್ಬ ಹೆಂಗಸು ಎತ್ತಿದಳು. "ಯಾರ್ರೀ? ಕೋಪರಿ ಹೋಟೆಲ್ ಏನ್ರೀ?"

"ಹೌದಮ್ಮ, ಕೋಪರಿ ಹೋಟೆಲ್. ಹೇಳು" ಎಂದರು ಮಾವ. ಆ ಹೋಟೆಲ್ ಹೋಗಿ ಆರು ವರ್ಷವಾಗಿದೆ!

"ಅಯ್ಯ ನಮ್ಮಪ್ಪಾ, ಎತ್ತಿದ್ರಲ್ರೀ! ವಾರ ಆತ್ರೀ ಹಚ್ಚಾಕತ್ತಿ. ನಾ ಶರಣಪ್ಪನ ತಂಗೀರಿ, ಅಫಜಲಪುರ ಕಡೀಂದ. ನಿಮ್ಮ ಹೋಟೆಲ್‌ದಾಗ ಹಿಟ್ಟು ರುಬ್ತಿದ್ದಲ್ರೀ ನಮ್ಮಣ್ಣ..."

"ಎಡಗೈಯವ. ಚಾಕ್ಕೆ ಮೂರು ಚಮಚ ಸಕ್ಕರೆ. ಗೊತ್ತುಂಟು, ಹೇಳು."

ಅವಳು ಹೇಳಿದ್ದಿಷ್ಟು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಗಂಡುಮಗು ಹುಟ್ಟಿದೆ. ಸೋಮವಾರ ಅವನ ಜವಳ, ಮಗುವಿನ ಮೊದಲ ಕೂದಲು ತೆಗೆಯುವ ದಿನ. ಗೊತ್ತುಮಾಡಿದ್ದು ಹೋದ ವಾರ. ಅಣ್ಣನಿಗೆ ತಿಳಿಸೋಣವೆಂದರೆ ಅವನ ಫೋನ್ ಹತ್ತುತ್ತಿಲ್ಲ.

"ಸೋದರಮಾವ ಮೊದ್ಲ ಕತ್ರಿ ಹಚ್ಬೇಕ್ರೀ. ನನಗ ಅವ್ನ ಬಿಟ್ರ ತವರಂತ ಯಾರೂ ಇಲ್ರೀ. ಅವ್ನಿಲ್ದ ಹ್ಯಾಂಗ್ ಮಾಡ್ಲಿ?"

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಈ ನಂಬರ್ ನಿಮ್ಮ ಹತ್ತಿರ ಹೇಗೆ?" ಎಂದು ಕೇಳಿದೆ.

"ಗ್ವಾಡಿ ಮ್ಯಾಲ ಅದರೀ. ಅಣ್ಣ ಮೊದ್ಲಿಗಿ ಬಂಬಾಯಿಗಿ ಹೋದಾಗ ಇದ್ದಲಿಲೆ ಬರ್ದಿಟ್ಟೀವಿ. ವರ್ಷಾ ಸುಣ್ಣ ಹೊಡಿಯೂ ಮುಂದ ಅದೊಂದು ಜಾಗಾ ಬಿಟ್ಟು ಹೊಡಿತೀವ್ರೀ. ಫೋನ್‌ದಾಗಿನ ನಂಬರ್ ಫೋನ್ ಹೋದ್ರ ಹೋಗ್ತಾವ್ರೀ. ಗ್ವಾಡಿ ಎಲ್ಲಿಗಿ ಹೋಗ್ತದ?"

ನಾನು ಮಾವನ ಮುಖ ನೋಡಿದೆ. ಅವರು ಏನೂ ಆಗದವರಂತೆ, "ನಮ್ಮ ಹೋಟೆಲಿನಲ್ಲಿ ಎಲ್ಲರೂ ಇದನ್ನೇ ಊರಲ್ಲಿ ಕೊಟ್ಟು ಬರ್ತಿದ್ರು" ಎಂದರು. ಕಲಬುರಗಿ, ವಿಜಯಪುರ, ರಾಯಚೂರಿನಿಂದ ಬಂದವರ ಹತ್ತಿರ ಆಗ ಸ್ವಂತ ಫೋನ್ ಎಲ್ಲಿತ್ತು? ಹೆರಿಗೆಯಾಗಲಿ, ಮದುವೆಯಾಗಲಿ, ಊರಿನ ಸುದ್ದಿಯೆಲ್ಲ ಗಲ್ಲಾದ ಫೋನಿಗೇ ಬರುತ್ತಿತ್ತು. ಮಾವ ಅದನ್ನು ಬಿಲ್ಲಿನ ಹಿಂದೆ ಬರೆದುಕೊಂಡು ಅಡುಗೆಮನೆಗೆ ಕೂಗಿ ಹೇಳುತ್ತಿದ್ದರು. ಆಮೇಲೆ ಅವರೆಲ್ಲ ಕಟ್ಟಡದ ಕೆಲಸ, ಹಮಾಲಿ, ಫ್ಯಾಕ್ಟರಿ ಎಂದು ಚದುರಿಹೋದರು. ಗೋಡೆಯ ಮೇಲಿನ ನಂಬರ್ ಮಾತ್ರ ಉಳಿಯಿತು.

"ಈಗಲೂ ಬರ್ತದಾ?" ಎಂದೆ.

"ವರ್ಷಕ್ಕೆ ನಾಲ್ಕೋ ಐದೋ."

"ಆ ನಾಲ್ಕೈದಕ್ಕೆ ನೀವು ದಿನಾ ನಲವತ್ತು ಎತ್ತುವುದಾ?"

"ಯಾವುದು ಯಾರದ್ದು ಅಂತ ರಿಂಗ್ ಆಗುವಾಗ ಗೊತ್ತಾಗ್ತದಾ ಮಾರಾಯ?"

ನಾನು ತಲೆ ತಗ್ಗಿಸಿದೆ. ವಾರದಿಂದ ಒಬ್ಬ ಹೆಂಗಸು ಗೋಡೆ ನೋಡಿಕೊಂಡು ಒಂದೊಂದೇ ಅಂಕೆ ಒತ್ತುತ್ತಿದ್ದಳು. ನಾನು ಒಂದು ಗುಂಡಿ ಒತ್ತಿ ಅವಳ ಬಾಯಿ ಮುಚ್ಚಿಸಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಮಾವನಿಗೆ ಇದೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ. ಅವರ ಬೆನ್ನು ನೆಟ್ಟಗಾಗಿತ್ತು. "ಈಗ ಎಲ್ಲಿ ಕೆಲಸ ಮಾಡುವುದು ಅವ?" ಎಂದು ಫೋನಿಗೇ ಕೇಳಿದರು.

"ಹೆಸರು ಗೊತ್ತಿಲ್ರೀ. ದೊಡ್ಡ ಬಿಲ್ಡಿಂಗ ಕಟ್ಟಾಕತ್ತಾರಂತ. ಬೋರ್ಡಿನ ಮ್ಯಾಲ ದೊಡ್ಡ ನವಿಲು ಅದ ಅಂತಿದ್ದ."

"ನವಿಲು?" ಮಾವ ಕುರ್ಚಿಯಿಂದ ಎದ್ದರು. "ಗರಿ ಬಿಚ್ಚಿದ್ದಾ? ಕಾಲು ಸ್ವಲ್ಪ ಗಿಡ್ಡವಾ?"

"ಕಾಲಿಂದು ಹೇಳಿಲ್ರೀ..."

"ಅದೇ! ನಮ್ಮ ಫ್ಲ್ಯಾಟ್ ಮಗಳ ನವಿಲು! ನೀನು ಚಿಂತೆ ಮಾಡ್ಬೇಡ ತಂಗಿ, ಕತ್ತರಿ ತಯಾರು ಇಟ್ಕೋ!"

ಎರಡು ವರ್ಷದಿಂದ ಆ ಹುಡುಗಿ "ಸೈಟ್ ನೋಡಲು ಬನ್ನಿ, ನಾವೇ ಕಾರು ಕಳಿಸುತ್ತೇವೆ" ಎಂದು ಗೋಗರೆಯುತ್ತಿದ್ದಳು. ಮಾವ ಫೋನ್ ಮಾಡಿ "ಬೇಟಾ, ಕಲ್ ಆತಾ ಹೂಂ" ಎಂದಾಗ ಅವಳು ಕುಣಿದಿರಬೇಕು. ಭಾನುವಾರ ಬೆಳಿಗ್ಗೆ ಕಾರು ಕೋಪರಿಗೆ ಬಂತು. ಮಾವ ಗಡ್ಡ ತೆಗೆದು, ಇಸ್ತ್ರಿಯ ಅಂಗಿ ಹಾಕಿ ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ.

ತಳೋಜಾದ ಸೈಟಿನಲ್ಲಿ ಫ್ಲ್ಯಾಟ್ ಮಗಳು ಬಾಗಿಲಿಗೇ ಬಂದಿದ್ದಳು. ಸಣಕಲು ಹುಡುಗಿ, ಮೈಗೆ ದೊಡ್ಡದಾದ ಕೋಟು, ಕೋಟಿನ ಮೇಲೆ ನವಿಲು. ಬಗ್ಗಿ ಮಾವನ ಕಾಲು ಮುಟ್ಟಿದಳು. ಮಾವ ಬಂದ ವಿಷಯ ಹೇಳಿದಾಗ ಅವಳ ಮುಖ ಒಂದು ಗಳಿಗೆ ಬಾಡಿದ್ದು ನಿಜ. ಗ್ರಾಹಕರನ್ನು ಕೆಲಸ ನಡೆಯುವ ಕಡೆ ಬಿಡುವುದಿಲ್ಲವಂತೆ. ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ಒಳಗಿನಿಂದ ಮೂರು ಹಳದಿ ಟೋಪಿ ತಂದು ನಮ್ಮ ತಲೆಗಿಟ್ಟು, ಕಾವಲುಗಾರನಿಗೆ, "ಮೇರೇ ಅಂಕಲ್ ಹೈಂ, ಅಪನಾ ಫ್ಲೋರ್ ದೇಖೇಂಗೇ" ಎಂದು ದಬಾಯಿಸಿ ಕರೆದುಕೊಂಡು ಹೋದಳು.

ಹೋದೆವು ಸರಿ, ಮೇಲೆ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರ! ನೂರಾರು ಮಂದಿ, ಎಲ್ಲರ ತಲೆಯ ಮೇಲೂ ಅದೇ ಹಳದಿ ಟೋಪಿ. ಒಬ್ಬನನ್ನು ಹುಡುಕುವುದು ಹೇಗೆ? ನಾನು ಮೇಸ್ತ್ರಿ ಎಲ್ಲಿ, ಹಾಜರಿ ಪುಸ್ತಕ ಎಲ್ಲಿ ಎಂದು ವಿಚಾರಿಸುತ್ತಿದ್ದೆ. ಮಾವ ಎರಡು ಹೆಜ್ಜೆ ಮುಂದೆ ಹೋಗಿ, ಎರಡೂ ಕೈ ಬಾಯಿಗೆ ಹಿಡಿದು, ಅಡುಗೆಮನೆಯ ಕಿಟಕಿಗೆ ಮೂವತ್ತೆಂಟು ವರ್ಷ ಕೂಗಿದ ಗಂಟಲಿನಲ್ಲಿ ಒಂದೇ ಸಲ ಕೂಗಿದರು.

"ಶರಣಪ್ಪಾ! ಊರಿಂದ ಫೋನ್!"

ಮೇಲೆ ಸುತ್ತಿಗೆಯ ಸದ್ದು ನಿಂತಿತು. ನಾಲ್ಕನೇ ಮಹಡಿಯ ಅಂಚಿನಲ್ಲಿ ಒಬ್ಬ ಇಣುಕಿದ. ಆಮೇಲೆ ಆ ಅಂಚಿನಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲಿನಲ್ಲಿ ದಡದಡ ಸದ್ದು. ಐವತ್ತರ ಹತ್ತಿರದ, ಮೈಯೆಲ್ಲ ಸಿಮೆಂಟು ಹತ್ತಿದ ಮನುಷ್ಯ ಓಡಿಬಂದು ಮಾವನಿಂದ ಒಂದು ಮಾರು ದೂರದಲ್ಲಿ ನಿಂತುಬಿಟ್ಟ.

"ಸಾಹೇಬ್ರ... ನೀವು ಅದೀರಿ?"

"ಮತ್ತೆ? ಎಲ್ಲಿಗೆ ಹೋಗ್ಲಿಕ್ಕೆ?"

"ಲೋಕಲ್ ಗಾಡ್ಯಾಗ ಫೋನ್ ಹೊಡದ್ರು ಸಾಹೇಬ್ರ. ತಂಗಿ ನಂಬರ್ ಬಾಯಿಪಾಠ ಇಲ್ಲ, ನಿಮ್ಮ ನಂಬರ್ ಒಂದೇ ನನಗ ಬರೂದು. ಅವರಿವರ ಫೋನ್ ಇಸಕೊಂಡು ಮೂರು ಸಲ ಹಚ್ಚಿದ್ನಿ. ನೀವು ಎತ್ತಲಿಲ್ಲ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸಾಹೇಬ್ರು ಎತ್ತಲಿಲ್ಲ ಅಂದ್ರ ಸಾಹೇಬ್ರು ಇಲ್ಲ ಅಂತ ತಿಳಕೊಂಡ್ನಿ. ಅವತ್ತ ಉಣ್ಣಲಿಲ್ಲ."

ಆ ಇನ್ನೂರು ಕೆಂಪು ಕರೆಗಳಲ್ಲಿ ಮೂರು ಇವನವು. ಮಾವ ನನ್ನ ಕಡೆ ಕೈತೋರಿಸಿ "ಇವನ ಕಿತಾಪತಿ" ಎನ್ನಬಹುದಿತ್ತು. ಅನ್ನಲಿಲ್ಲ. "ಫೋನ್ ಸ್ವಲ್ಪ ಹಾಳಾಗಿತ್ತು ಮಾರಾಯ" ಎಂದರು. ಅಲ್ಲೇ ತಂಗಿಗೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟರು. ಅಣ್ಣತಂಗಿಯರು ಏನು ಮಾತಾಡಿದರೋ ತಿಳಿಯಲಿಲ್ಲ, ಇಬ್ಬರೂ ಒಟ್ಟಿಗೇ ಅಳುತ್ತಿದ್ದರು, ಒಟ್ಟಿಗೇ ನಗುತ್ತಿದ್ದರು. ಫ್ಲ್ಯಾಟ್ ಮಗಳು ಒಂದಕ್ಷರ ಕನ್ನಡ ಗೊತ್ತಿಲ್ಲದೆಯೂ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

ಶರಣಪ್ಪ ಸಂಜೆ ಕಲ್ಯಾಣದಲ್ಲಿ ಕಲಬುರಗಿಯ ಗಾಡಿ ಹಿಡಿಯುವುದೆಂದಾಯಿತು. ಹೊರಡುವ ಮುಂಚೆ ಮಾವ ಸಿಮೆಂಟ್ ಚೀಲದ ಒಂದು ತುಂಡಿನ ಮೇಲೆ ಏನೋ ಬರೆದು ಅವನ ಜೇಬಿಗೆ ತುರುಕಿದರು. ತಮ್ಮದೇ ನಂಬರ್ ಮತ್ತೆ ಕೊಟ್ಟರೆಂದುಕೊಂಡೆ. ಕೊಟ್ಟ ಮಾತಿನಂತೆ ಮಾವ ಮಾದರಿ ಫ್ಲ್ಯಾಟನ್ನೂ ನೋಡಿದರು. ಮುಕ್ಕಾಲು ಗಂಟೆ ನೋಡಿದರು! ಎಲ್ಲ ನಲ್ಲಿ ತಿರುಗಿಸಿ, ಎಲ್ಲ ಕಪಾಟು ತೆರೆದು, ಕೊನೆಗೆ ಅಡುಗೆಮನೆಯಲ್ಲಿ ನಿಂತು, "ರುಬ್ಬುವ ಕಲ್ಲಿಗೆ ಜಾಗ ಇಲ್ಲ ಅಂತ ನಾನು ಮೊದಲೇ ಹೇಳಿದ್ದೆ" ಎಂದರು.

ಸೋಮವಾರ ಮಧ್ಯಾಹ್ನ ಮಹಾಪೆಯಲ್ಲಿ ಕೆಲಸದಲ್ಲಿದ್ದಾಗ ಮಾವ ಒಂದು ಫೋಟೋ ಕಳಿಸಿದರು. ಜೊತೆಗೆ ಯಥಾಪ್ರಕಾರ ಅಭಿಪ್ರಾಯ: "ಸುಣ್ಣ ಚೆನ್ನಾಗಿ ಹೊಡೆದಿದ್ದಾರೆ. ಮಗು ನಗುತ್ತಾ ಉಂಟು." ಹೊಸ ರುಮಾಲು ಸುತ್ತಿದ ಶರಣಪ್ಪನ ತೊಡೆಯ ಮೇಲೆ ಮಗು, ಎಡಗೈಯಲ್ಲಿ ಕತ್ತರಿ, ಪಕ್ಕದಲ್ಲಿ ತಂಗಿ. ಹಿಂದಿನ ಗೋಡೆಯಲ್ಲಿ ಸುಣ್ಣ ಹೊಡೆಯದೆ ಬಿಟ್ಟ ಒಂದು ಚೌಕ. ಮಾವನಂತೆ ನಾನೂ ಎರಡು ಬೆರಳಿಂದ ಹಿಗ್ಗಿಸಿ ನೋಡಿದೆ. ಇದ್ದಲಿನಲ್ಲಿ ಬರೆದ ಮಾವನ ನಂಬರ್ ಮಾಸಿತ್ತು. ಅದರ ಕೆಳಗೆ ಎಡಕ್ಕೆ ವಾಲಿದ ಹೊಸ ಅಂಕೆಗಳಲ್ಲಿ ಇನ್ನೊಂದು ನಂಬರ್ ಇತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ. ತನ್ನ ನಂಬರನ್ನು ತಾನು ಯಾರು ಓದುತ್ತಾರೆ? ಅದು ನನ್ನದು!

ಹೊರಗೆ ಓಡಿಬಂದು ಮಾವನಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು.

"ಮಾವ, ನನ್ನ ನಂಬರ್ ಆ ಗೋಡೆಯಲ್ಲಿ..."

"ನನಗೆ ಅರವತ್ತೆಂಟು ಆಯ್ತು ಮಾರಾಯ. ಒಂದು ದಿನ ನಾನು ಎತ್ತದೆ ಇರ್ಬಹುದು. ಆಗ ಅವರು ಯಾರಿಗೆ ಮಾಡುವುದು?" ಎಂದರು ಮಾವ. ಸ್ವಲ್ಪ ತಡೆದು, "ಸೋದರಮಾವನ ನಂತ್ರ ಅಳಿಯ ಅಲ್ವಾ?" ಎಂದರು.

ನಾನು ನೋಡದ ಒಂದು ಊರಿನ, ಕಾಲಿಡದ ಒಂದು ಮನೆಯಲ್ಲಿ ಇನ್ನು ಪ್ರತಿವರ್ಷ ನನ್ನ ನಂಬರಿನ ಜಾಗ ಬಿಟ್ಟು ಸುಣ್ಣ ಹೊಡೆಯುತ್ತಾರೆ. ನನ್ನನ್ನು ಅಷ್ಟು ನಂಬಿದವರು ಈ ನಗರದಲ್ಲಿ ಯಾರೂ ಇಲ್ಲ. ಅಲ್ಲೇ ನಿಂತು ನನ್ನ ಫೋನಿನಲ್ಲಿ ವರ್ಷಗಳಿಂದ ಮುಚ್ಚಿಟ್ಟಿದ್ದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತೆರೆದೆ.

ಮೊನ್ನೆ ಮೀಟಿಂಗಿನ ನಡುವೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೂರನೇ ರಿಂಗ್ ಆಗುವುದರೊಳಗೆ ಎದ್ದು ಹೊರಗೆ ಹೋಗಿ ಎತ್ತಿದೆ. ಕ್ರೆಡಿಟ್ ಕಾರ್ಡಿನವಳು. ದನಿ ಬಹಳ ಸೋತಿತ್ತು. ಊಟವಾಯಿತೇ ಎಂದು ಕೇಳಿದೆ. ಇನ್ನೂ ಆಗಿರಲಿಲ್ಲವಂತೆ.